ಡೈರಿ ಸಭೆಯಲ್ಲಿ ಯಾರೂ ಬಾಯಿ ಬಿಡಲ್ಲ, ಹಾಲಿನ ಸಾಲಿನಲ್ಲಿ ಎಲ್ಲರೂ ಮಾತಾಡುತ್ತಾರೆ. ಏನು ಮಾಡಲಿ?

ಕಲ್ಪತರು_ನಾಡಿನವಳು:

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆಯ ಸಣ್ಣ ಹಳ್ಳಿ. ಇಲ್ಲಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಈ ಸಲ ನನ್ನನ್ನು ಅಧ್ಯಕ್ಷೆ ಮಾಡಿದ್ದಾರೆ. ನಿರ್ದೇಶಕಿಯರಲ್ಲಿ ನಾನೇ ಚಿಕ್ಕವಳು. ಉಳಿದವರೆಲ್ಲ ನನ್ನ ಅತ್ತೆಯ ವಯಸ್ಸಿನವರು. ನಾನು ಹುಟ್ಟುವ ಮುಂಚಿನಿಂದ ಹಸು ಕಟ್ಟಿದವರು.

ಆಡಳಿತ ಮಂಡಳಿ ಸಭೆಯಲ್ಲಿ ನಾನು ಏನು ಕೇಳಿದರೂ ಒಂದೇ ಉತ್ತರ: "ನೀನು ಹೇಳಿದಂಗೇ ಆಗ್ಲಿ ಬಿಡವ್ವ." ನಡಾವಳಿ ಪುಸ್ತಕಕ್ಕೆ ಸಹಿ ಬೀಳುತ್ತದೆ, ಟೀ ಆಗುತ್ತದೆ, ಎಲ್ಲರೂ ಮನೆಗೆ. ಮಾರನೇ ದಿನ ಬೆಳಿಗ್ಗೆ ಹಾಲು ಹಾಕಲು ಸಾಲು ನಿಂತಾಗ ಮಾತ್ರ ಅದೇ ವಿಷಯದ ಮೇಲೆ ಹತ್ತು ಮಾತು. ಬೂಸಾ ತಡವಾಗಿ ಬಂತು, ಬೋನಸ್ ಲೆಕ್ಕ ಸರಿಯಿಲ್ಲ, ಎಲ್ಲಕ್ಕಿಂತ ಜಾಸ್ತಿ ಫ್ಯಾಟ್ ಬಗ್ಗೆ, ಅಂದರೆ ಹಾಲಿನಲ್ಲಿ ಕೊಬ್ಬು ಶೇಕಡಾ ಎಷ್ಟಿದೆ ಅನ್ನುವ ಲೆಕ್ಕ, ಸಿಗುವ ದುಡ್ಡು ಅದರ ಮೇಲೆ. "ಅದೇ ಹಸು, ಅದೇ ಮೇವು, ನಿನ್ನೆ ನಾಲ್ಕು ಬಂತು, ಇವತ್ತು ಮೂರೂವರೆ ಹೆಂಗೆ?" ನಾನು ಹತ್ತಿರ ಹೋದರೆ ಮಾತು ನಿಂತುಹೋಗುತ್ತದೆ. ಇದೆಲ್ಲ ನನಗೆ ತಿಳಿಯುವುದು ಬೇರೆಯವರ ಬಾಯಿಂದ, ಅಷ್ಟು ಹೊತ್ತಿಗೆ ಮಾತು ಬಣ್ಣ ಬದಲಿಸಿರುತ್ತದೆ.

ಅಧ್ಯಕ್ಷರಾದವರಿಗೆ ತರಬೇತಿ ಅಂತ ಕರೆಯುತ್ತಾರೆ. ಅಲ್ಲಿ ಸಭೆ ನಡೆಸುವುದು, ಮಾತಾಡುವುದು ಹೇಳಿಕೊಡುತ್ತಾರೆ. ಕೇಳಿಸಿಕೊಳ್ಳುವುದನ್ನು ಯಾರೂ ಹೇಳಿಕೊಡಲಿಲ್ಲ. ಸೆಪ್ಟೆಂಬರ್ 25ರ ಒಳಗೆ ಮಹಾಸಭೆ ಆಗಬೇಕು, ಅಷ್ಟರಲ್ಲಿ ಈ ಹೆಂಗಸರು ನನ್ನ ಎದುರಿಗೇ ಮಾತಾಡುವ ಹಾಗಾಗಬೇಕು ಅನ್ನುವುದು ನನ್ನ ಆಸೆ. ಇಂಥ ಜಾಗದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಾರಿ ಹೇಳಿ.

ಹಳೇ_ಕಾರ್ಯದರ್ಶಿ:

ತಂಗಿ, ನಾನು ಮಂಡ್ಯ ಕಡೆಯ ಒಂದು ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. ನಿಮ್ಮ ಹೆಂಗಸರಿಗೆ ಮಾತಾಡಲು ಬರುತ್ತದೆ ಅನ್ನುವುದು ನೀವು ಬರೆದದ್ದರಲ್ಲೇ ಇದೆ. ಅವರು ಮಾತಾಡುವ ಜಾಗ ಹಾಲಿನ ಸಾಲು. ಹಾಗಾದರೆ ನೀವು ಅಲ್ಲಿಗೆ ಹೋಗಬೇಕು, ಅವರನ್ನು ಸಭೆಯ ಕುರ್ಚಿಗೆ ಎಳೆದು ತಂದು ಮಾತಾಡಿಸಲು ಆಗುವುದಿಲ್ಲ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹೋಗಿ. ನಿಮ್ಮ ಮನೆ ಹಾಲನ್ನೂ ನೀವೇ ತಂದು ಸಾಲಿನಲ್ಲಿ ನಿಂತು ಹಾಕಿ. ರಿಜಿಸ್ಟರ್ ಇರುವ ಮೇಜಿನ ಹಿಂದೆ ಮಾತ್ರ ಕೂರಬೇಡಿ. ಬಟವಾಡೆ ಲೆಕ್ಕ ಬರೆಯುವ ಮೇಜಿನ ಎದುರು ಯಾರಿಗೂ ಬಾಯಿ ಬರುವುದಿಲ್ಲ. ನಾಳೆ ತನ್ನ ಹಾಲಿಗೆ ಏನು ಬರೆದುಬಿಡುತ್ತಾರೋ ಅನ್ನುವ ಹೆದರಿಕೆ ಅದು, ಎಷ್ಟೇ ಒಳ್ಳೆಯವರು ಕೂತಿದ್ದರೂ ಇರುತ್ತದೆ.

ಮೊದಮೊದಲು ನೀವು ಬಂದಾಗ ಮಾತು ನಿಲ್ಲುತ್ತದೆ, ನಿಲ್ಲಲಿ. ದಿನಾ ಬಂದರೆ ನಿಮ್ಮ ಇರುವಿಕೆ ಮಾಮೂಲಾಗುತ್ತದೆ.

ಈಗ ಫ್ಯಾಟ್ ವಿಷಯ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕಂದರೆ ಕೇಳಿಸಿಕೊಳ್ಳುವುದು ಅಂದರೆ ಏನು ಅಂತ ನನಗೆ ತಿಳಿದದ್ದೇ ಈ ದೂರಿನಿಂದ. ಯಾರಾದರೂ "ಫ್ಯಾಟ್ ಕಮ್ಮಿ ಬಂತು" ಅಂದ ಕೂಡಲೇ ಮೇಜಿನ ಹಿಂದಿನವರು ಹೇಳುವ ಮಾತು ಒಂದೇ, "ಮಿಷನ್ ಸುಳ್ಳು ಹೇಳುತ್ತದಾ?" ಅಲ್ಲಿಗೆ ಮುಗಿಯಿತು, ಆ ಹೆಂಗಸು ಇನ್ನು ಯಾವತ್ತೂ ನಿಮಗೆ ಏನೂ ಹೇಳುವುದಿಲ್ಲ. ಉತ್ತರ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಯಾವ ಹೊತ್ತಿನ ಹಾಲು? ಎಷ್ಟು ಗಂಟೆಗೆ ಕರೆದದ್ದು? ಯಾರು ಕರೆದರು? ಕರುವಿಗೆ ಮೊದಲು ಬಿಟ್ಟಿರಾ, ಕೊನೆಗೆ ಬಿಟ್ಟಿರಾ? ಒಂದೊಂದಕ್ಕೂ ಕಾರಣ ಇದೆ. ಕರೆಯುವಾಗ ಮೊದಲು ಬರುವ ಹಾಲು ತೆಳು, ಕೊನೆಯ ಹಾಲಿನಲ್ಲಿ ಕೊಬ್ಬು ಜಾಸ್ತಿ. ಕೊನೆಯದನ್ನು ಕರುವಿಗೆ ಬಿಟ್ಟರೆ ಫ್ಯಾಟ್ ಕರುವಿನ ಹೊಟ್ಟೆಗೆ ಹೋಯಿತು. ಎರಡು ಕರೆಯುವಿಕೆಯ ನಡುವೆ ಹೊತ್ತು ಜಾಸ್ತಿಯಾದರೆ ಹಾಲು ಜಾಸ್ತಿ, ಫ್ಯಾಟ್ ಕಮ್ಮಿ. ಅದಕ್ಕೇ ಬೆಳಗಿನ ಹಾಲಿಗಿಂತ ಸಂಜೆಯದರಲ್ಲಿ ಎಷ್ಟೋ ಸಲ ಫ್ಯಾಟ್ ಚೆನ್ನಾಗಿ ಬರುತ್ತದೆ. ಎಚ್‌ಎಫ್ (ಹೋಲ್‌ಸ್ಟೀನ್ ತಳಿ) ಹಸುವಿಗೆ ಜರ್ಸಿಯಷ್ಟು ಫ್ಯಾಟ್ ಬರುವುದಿಲ್ಲ. ಹಾಲು ನಿಂತರೆ ಕೆನೆ ಮೇಲೆ ಬರುತ್ತದೆ, ಚೆನ್ನಾಗಿ ಕಲಕದೆ ಸ್ಯಾಂಪಲ್ ತೆಗೆದರೆ ಲೆಕ್ಕವೇ ತಪ್ಪು. ಮಿಷನ್ ಸರಿಯಾಗಿ ತೊಳೆಯದಿದ್ದರೂ ತಪ್ಪು. ಇದರಲ್ಲಿ ಕೆಲವು ಅವರ ಕೊಟ್ಟಿಗೆಯಲ್ಲಿ ಸರಿಯಾಗಬೇಕು, ಕೆಲವು ನಮ್ಮ ಡೈರಿಯಲ್ಲಿ. ಯಾವುದು ಅಂತ ಕೇಳದೆ ಹೇಗೆ ಗೊತ್ತಾಗಬೇಕು?

ನಮ್ಮ ಸಂಘದಲ್ಲಿ ಒಬ್ಬರು ಅಜ್ಜಿ ಇದ್ದರು. ದಿನಾ ಫ್ಯಾಟ್ ಬಗ್ಗೆ ತಕರಾರು. ಅಜ್ಜಿಯದು ಇದ್ದದ್ದೇ ಅಂತ ಎಲ್ಲರೂ ಬಿಟ್ಟಿದ್ದರು. ಹೊಸದಾಗಿ ಬಂದ ಹಾಲು ಪರೀಕ್ಷಕ ಹುಡುಗ ಮಾತ್ರ ಕೂರಿಸಿಕೊಂಡು ಕೇಳಿದ. ಅಜ್ಜಿ ಹೇಳಿದ್ದು, "ನಾನು ತಡವಾಗಿ ಬಂದ ದಿನ ಚೆನ್ನಾಗಿ ಬರ್ತದೆ ಕಣಪ್ಪ, ಮೊದಲು ಬಂದ ದಿನ ಬರಲ್ಲ." ಅವನು ಹುಡುಕಿದಾಗ ಸಿಕ್ಕಿದ್ದು ಇಷ್ಟು: ಬೆಳಿಗ್ಗೆ ಮಿಷನ್ ತೊಳೆದ ನೀರು ಒಳಗೆ ಸ್ವಲ್ಪ ಉಳಿಯುತ್ತಿತ್ತು, ಮೊದಲ ಸ್ಯಾಂಪಲ್‌ಗೆ ಅದು ಬೆರೆಯುತ್ತಿತ್ತು. ಸಾಲಿನಲ್ಲಿ ಮೊದಲು ನಿಲ್ಲುವವರು ಆ ಅಜ್ಜಿಯೇ. ಆಮೇಲೆ ಮೊದಲು ಒಂದು ಸ್ಯಾಂಪಲ್ ಹಾಕಿ ಚೆಲ್ಲಿ, ನಂತರ ಅಳೆಯುವುದು ಅಂತ ಮಾಡಿದೆವು. ಓದು ಬರಹ ಇಲ್ಲದ ಅಜ್ಜಿಯ ಗಮನ ಅಷ್ಟು ಚೊಕ್ಕವಾಗಿತ್ತು. ಅದು ಹೊರಗೆ ಬರಲು ಒಬ್ಬ ಹುಡುಗ ಕೂತು ಕೇಳಬೇಕಾಯಿತು.

ಬಜ್ಪೆಯವ:

ನಾನು ಡೈರಿಯವನಲ್ಲ. ವಿಮಾನ ರಿಪೇರಿ ಕೆಲಸದಲ್ಲಿ ಇರುವವನು, ಊರು ಮಂಗಳೂರು ಹತ್ತಿರ. ಆದರೆ ಮೇಲಿನವರು ಅಜ್ಜಿಯ ಕತೆ ಹೇಳಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದವರು 8 ಮಂದಿ. ನಮ್ಮ ಕಡೆ ಆ ದಿನವನ್ನು ಮರೆತವರಿಲ್ಲ. ತನಿಖಾ ವರದಿ ಏನು ಹೇಳಿತು ಅನ್ನುವುದು ಮಾತ್ರ ಜಾಸ್ತಿ ಜನಕ್ಕೆ ಗೊತ್ತಿಲ್ಲ. ವಿಮಾನ ಇರಬೇಕಾದ ಎತ್ತರಕ್ಕಿಂತ ಮೇಲಿತ್ತು, ಇಳಿಯುವ ರೀತಿ ಸರಿಯಿರಲಿಲ್ಲ. ಪಕ್ಕದಲ್ಲಿ ಕೂತ ಕಿರಿಯ ಪೈಲಟ್ ಮೂರು ಸಲ "ಗೋ ಅರೌಂಡ್" ಅಂದರು, ಅಂದರೆ ಇಳಿಸುವುದು ಬಿಟ್ಟು ಮತ್ತೆ ಮೇಲೆ ಏರಿಸೋಣ ಅಂತ. ಎಚ್ಚರಿಕೆ ಯಂತ್ರವೂ ಕೂಗುತ್ತಿತ್ತು. ಕ್ಯಾಪ್ಟನ್ ಇಳಿಸುವುದನ್ನು ಬಿಡಲಿಲ್ಲ. ಅಪಘಾತಕ್ಕೆ ನೇರ ಕಾರಣ ಅಂತ ವರದಿ ಬರೆದದ್ದು ಇದನ್ನೇ. ದಾರಿಯಲ್ಲಿ ಅವರು ಬಹಳ ಹೊತ್ತು ನಿದ್ದೆ ಮಾಡಿದ್ದರು, ಎದ್ದ ಮೇಲೂ ತಲೆ ತಿಳಿಯಾಗಿರಲಿಲ್ಲ ಅನ್ನುವುದನ್ನೂ ವರದಿ ಹೇಳಿತು.

ಅದರಲ್ಲಿ ಇನ್ನೊಂದು ಮಾತಿದೆ, ನನ್ನನ್ನು ಜಾಸ್ತಿ ಕಾಡುವುದು ಅದು. ಕಿರಿಯರು ಹೇಳಿದರು, ಆದರೆ ತಾವೇ ಹಿಡಿತ ತೆಗೆದುಕೊಂಡು ವಿಮಾನ ಏರಿಸಲಿಲ್ಲ. ಸಹ ಪೈಲಟ್ ಯಾವಾಗ ಹಾಗೆ ಮಾಡಬಹುದು ಅನ್ನುವ ಸೂಚನೆಗಳೇ ಸ್ಪಷ್ಟವಾಗಿರಲಿಲ್ಲ, ಬಹುಶಃ ಅದಕ್ಕೇ ಅಂತ ವರದಿ ಹೇಳಿತು.

ಇದು ಹೊಸ ಪಾಠವೂ ಅಲ್ಲ. 1977ರಲ್ಲಿ ಸ್ಪೇನ್‌ಗೆ ಸೇರಿದ ಟೆನೆರಿಫೆ ದ್ವೀಪದಲ್ಲಿ ಎರಡು ಜಂಬೋ ವಿಮಾನ ರನ್‌ವೇ ಮೇಲೇ ಡಿಕ್ಕಿಯಾಗಿ 583 ಜನ ಸತ್ತರು. ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವಾ ಅಂತ ಫ್ಲೈಟ್ ಎಂಜಿನಿಯರ್ ಕೇಳಿದ್ದರು, ಬಿಟ್ಟಿದೆ ಅಂತ ಗಟ್ಟಿಯಾಗಿ ಹೇಳಿ ಕ್ಯಾಪ್ಟನ್ ಆಗಲೇ ಶುರುವಾಗಿದ್ದ ಓಟವನ್ನು ನಿಲ್ಲಿಸದೆ ಮುಂದುವರಿಸಿದರು. ಆ ಕ್ಯಾಪ್ಟನ್ ಕಂಪನಿಯಲ್ಲೇ ದೊಡ್ಡ ಹೆಸರು, ಬೇರೆ ಪೈಲಟ್‌ಗಳಿಗೆ ಕಲಿಸುವವರು. ಇಂಥ ಅಪಘಾತಗಳ ನಂತರವೇ, ಕಿರಿಯರು ಹೇಳುವುದನ್ನೂ ಹಿರಿಯರು ಕೇಳುವುದನ್ನೂ ತರಬೇತಿಯ ಭಾಗ ಮಾಡಿದರು. ಈಗ ನಮ್ಮಂಥ ರಿಪೇರಿ ಕೆಲಸದವರಿಗೂ ಅದು ಕಡ್ಡಾಯ.

ಅಕ್ಕ, ನಿಮ್ಮ ಡೈರಿಗೆ ಇದರಿಂದ ಎರಡು ವಿಷಯ ತೆಗೆದುಕೊಳ್ಳಬಹುದು ಅನ್ನಿಸುತ್ತದೆ. ಒಂದು, ಕೇಳಿದ್ದನ್ನು ತಿರುಗಿ ಹೇಳುವುದು. ಕಂಟ್ರೋಲ್ ಟವರ್ ಒಂದು ಅನುಮತಿ ಕೊಟ್ಟರೆ ಪೈಲಟ್ ಅದನ್ನು ಹಾಗೇ ತಿರುಗಿ ಹೇಳಬೇಕು, ಟವರ್‌ನವರು ಅದು ಸರಿಯಾ ಅಂತ ಕಿವಿಗೊಡಬೇಕು. ನೀವೂ ಹಾಗೇ ಮಾಡಿ: "ಅಂದರೆ ಬೂಸಾ ಬರುವುದು ತಡವಾಯಿತು ಅನ್ನುವುದಕ್ಕಿಂತ, ಯಾವತ್ತು ಬರುತ್ತದೆ ಅಂತ ಯಾರೂ ಹೇಳಲಿಲ್ಲ ಅನ್ನುವುದು ನಿಮ್ಮ ಬೇಜಾರು, ಅಲ್ವಾ?" ಅವರು ಅಲ್ಲ ಅಂದರೆ ಇನ್ನೂ ಒಳ್ಳೆಯದು, ಸರಿಯಾದದ್ದು ಆಗ ಸಿಗುತ್ತದೆ. ಎರಡನೆಯದು, ಹಾಲು ಪರೀಕ್ಷೆ ಮಾಡುವ ಹುಡುಗಿಗೆ ಬಾಯಲ್ಲಿ ಅಲ್ಲ, ಬರವಣಿಗೆಯಲ್ಲಿ ಅಧಿಕಾರ ಕೊಡಿ. ಅವಳು "ಈ ಹಾಲು ಬೇಡ" ಅಂದರೆ ಅದು ಅಧ್ಯಕ್ಷೆಯ ಮನೆ ಹಾಲಾದರೂ ಕ್ಯಾನ್‌ಗೆ ಬೀಳಬಾರದು. ಮೂರು ಸಲ ಹೇಳಬೇಕಾದ ಪರಿಸ್ಥಿತಿಯೇ ಅವಳಿಗೆ ಬರಬಾರದು.

ನೇರ_ಮಾತು:

ಎಲ್ಲರೂ ಕೇಳು ಕೇಳು ಅನ್ನುತ್ತಿದ್ದಾರೆ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಒಂದು ವರ್ಕ್‌ಶಾಪಿನಲ್ಲಿ ಶಿಫ್ಟ್ ನೋಡಿಕೊಳ್ಳುತ್ತೇನೆ. ಎಲ್ಲದಕ್ಕೂ ಎಲ್ಲರನ್ನೂ ಕೇಳುತ್ತಾ ಕೂತರೆ ಜನ ನಿಮ್ಮನ್ನು ಒಳ್ಳೆಯವರು ಅನ್ನುತ್ತಾರೆ, ಆಮೇಲೆ ಬೇಜಾರಾಗಿ ಮಾತಾಡುವುದನ್ನೇ ಬಿಡುತ್ತಾರೆ. ಕೇಳಿದ್ದಕ್ಕೆ ಏನೂ ಆಗಲಿಲ್ಲ ಅಂದರೆ ಕೇಳದೆ ಇದ್ದದ್ದಕ್ಕಿಂತ ಕೆಟ್ಟದ್ದು.

ಅದಕ್ಕೆ ಮೊದಲು ನಿಮ್ಮ ಕೈಯಲ್ಲಿ ಏನಿದೆ ಅಂತ ಬೇರೆ ಮಾಡಿಕೊಳ್ಳಿ. ಲೀಟರಿಗೆ ಎಷ್ಟು ಅನ್ನುವುದು ಒಕ್ಕೂಟದ್ದು, ಅಂದರೆ ಹಳ್ಳಿ ಸಂಘಗಳಿಂದ ಹಾಲು ಕೊಳ್ಳುವ ಹಾಲು ಒಕ್ಕೂಟದ್ದು. ಸರ್ಕಾರದ ಪ್ರೋತ್ಸಾಹಧನ ಯಾವಾಗ ಖಾತೆಗೆ ಬೀಳುತ್ತದೆ ಅನ್ನುವುದೂ ನಿಮ್ಮ ಕೈಯಲ್ಲಿಲ್ಲ. ಅದರ ಬಗ್ಗೆ "ನಿಮ್ಮ ಅಭಿಪ್ರಾಯ ಹೇಳಿ" ಅಂತ ಸಭೆಯಲ್ಲಿ ಕೇಳಬೇಡಿ. ಬೇಕಾದರೆ ಎಲ್ಲರ ಮಾತು ಸೇರಿಸಿ ಒಕ್ಕೂಟಕ್ಕೆ ಪತ್ರ ಬರೆಯಿರಿ, ಅದರ ಪ್ರತಿ ಡೈರಿ ಗೋಡೆಗೆ ಅಂಟಿಸಿ. ಬೋನಸ್ ಹೇಗೆ ಹಂಚುವುದು, ಹಾಲು ತೆಗೆದುಕೊಳ್ಳುವ ಸಮಯ, ಪಶು ಆಹಾರದ ದಾಸ್ತಾನು, ಇವು ನಿಮ್ಮವು. ಇಲ್ಲಿ ಕೇಳಿ, ಇಂಥ ತಾರೀಕಿಗೆ ತೀರ್ಮಾನ ಅಂತ ಮೊದಲೇ ಹೇಳಿ, ಆ ತಾರೀಕಿಗೆ ತೀರ್ಮಾನ ಮಾಡಿ. ಒಪ್ಪದವರಿಗೆ ಯಾಕೆ ಹೀಗೆ ಮಾಡಿದೆವು ಅಂತ ಎದುರಿಗೆ ಹೇಳಿ. ಜೋರು ಬಾಯಿಯವರು ಇಬ್ಬರು ಮೂವರು ಎಲ್ಲ ಕಡೆ ಇರುತ್ತಾರೆ, ಅವರ ಮಾತೇ ಊರಿನ ಮಾತು ಅಂದುಕೊಂಡರೆ ಮುಗಿಯಿತು.

ಕುಂದಾಪುರದಾಕೆ:

ನೇರ_ಮಾತು ಅವರ ಕೊನೆಯ ಸಾಲು ಪೂರ್ತಿ ನಿಜ. ನಾನು ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವಳು, ಅದರ ಇನ್ನೊಂದು ಮಗ್ಗುಲು ಹೇಳುತ್ತೇನೆ.

ನಮ್ಮ ರಾಜ್ಯದಲ್ಲಿ ಪಂಚಾಯಿತಿಯಲ್ಲಿ ಹೆಂಗಸರಿಗೆ ಜಾಗ ಕೊಟ್ಟದ್ದು ದೇಶದಲ್ಲೇ ಬೇಗ. 1983ರ ಕಾಯ್ದೆ ಬಂದದ್ದು ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ ನೀರ್ ಸಾಬ್ ಆದವರು ಅವರು. 1987ರ ಚುನಾವಣೆಯಲ್ಲಿ ಶೇಕಡಾ 25ರಷ್ಟು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಈಗ ಅರ್ಧದಷ್ಟು. ಆದರೂ ಸಭೆಯಲ್ಲಿ ಗಂಡ ಮಾತಾಡುವುದು, ಸದಸ್ಯೆ ಸಹಿ ಹಾಕುವುದು ಇನ್ನೂ ಪೂರ್ತಿ ಹೋಗಿಲ್ಲ. ಕುರ್ಚಿ ಸಿಕ್ಕಿದ ಕೂಡಲೇ ದನಿ ಬರುವುದಿಲ್ಲ. "ನೀನು ಹೇಳಿದಂಗೇ ಆಗ್ಲಿ" ಅನ್ನುವುದನ್ನು ಒಪ್ಪಿಗೆ ಅಂತ ಬರೆದುಕೊಳ್ಳಬೇಡಿ. ಎಷ್ಟೋ ಸಲ "ನಾನು ಹೇಳಿದರೆ ಏನಾಗುತ್ತದೆ ಬಿಡು" ಅನ್ನುವುದೇ ಆ ರೂಪದಲ್ಲಿ ಬರುತ್ತದೆ.

ನಮಗೆ ದಾರಿ ತೋರಿಸಿದ್ದು ಮಕ್ಕಳು ಅಂದರೆ ನಂಬಬೇಕು. ಮಕ್ಕಳ ಗ್ರಾಮ ಸಭೆ ಅಂತ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುತ್ತವೆ. ಮೈಕ್ ಕೊಟ್ಟಾಗ ಮಾತಾಡಿದ್ದು ಮೇಷ್ಟರು ಬಾಯಿಪಾಠ ಮಾಡಿಸಿದ ಮಕ್ಕಳು ಮಾತ್ರ. ಮುಂದಿನ ಸಲ ಸಭೆಗೆ ಮೊದಲೇ ಶಾಲೆಗಳಿಗೆ ಒಂದು ಡಬ್ಬಿ ಕೊಟ್ಟೆವು, ಹೆಸರು ಬರೆಯದೆ ಚೀಟಿ ಹಾಕಿ ಅಂತ. ಬಂದ ಚೀಟಿಗಳು! ಶೌಚಾಲಯದ ಬಾಗಿಲಿಗೆ ಒಳಗಿಂದ ಚಿಲಕ ಇಲ್ಲ, ಮಳೆಗಾಲದಲ್ಲಿ ಕಾಲುಸಂಕ (ಹಳ್ಳದ ಮೇಲಿನ ಸಣ್ಣ ಕಾಲುಸೇತುವೆ) ದಾಟಲು ಹೆದರಿಕೆ, ಬಸ್ಸಿನವರು ಮಕ್ಕಳನ್ನು ಕಂಡರೆ ನಿಲ್ಲಿಸುವುದಿಲ್ಲ. ಮೈಕ್ ಮುಂದೆ ಒಂದು ಹುಡುಗಿ ಚಿಲಕದ ಮಾತು ಎತ್ತಲು ಸಾಧ್ಯ ಇತ್ತಾ? ಚಿಲಕ ಹಾಕಿಸಲು ಎಷ್ಟು ದುಡ್ಡು ಬೇಕು ಹೇಳಿ. ದುಡ್ಡಿನ ಕೊರತೆ ಇರಲೇ ಇಲ್ಲ, ನಮಗೆ ಅದು ಗೊತ್ತೇ ಇರಲಿಲ್ಲ. ಮಕ್ಕಳ ಪಂಚಾಯತ್ ಅನ್ನುವುದು 1990ರ ದಶಕದಲ್ಲೇ ನಮ್ಮ ತಾಲ್ಲೂಕಿನ ಕೆಲವು ಊರುಗಳಲ್ಲಿ ಶುರುವಾಗಿತ್ತು, ಆ ಹಿರಿಯ ಅಕ್ಕಂದಿರು ಅಣ್ಣಂದಿರಿಂದ ಕಲಿತದ್ದು ಬಹಳ ಇದೆ.

ನೀವು ಮಾಡಬಹುದಾದದ್ದು ಇದು. ಸಭೆಯಲ್ಲಿ ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ. ಅಧ್ಯಕ್ಷೆ ಮೊದಲೇ "ನನಗೆ ಹೀಗನ್ನಿಸುತ್ತದೆ" ಅಂದ ಮೇಲೆ ಬೇರೆ ಮಾತು ಹುಟ್ಟುವುದಿಲ್ಲ. ಇಬ್ಬಿಬ್ಬರನ್ನೇ ಕೂರಿಸಿ ಐದು ನಿಮಿಷ ಅವರಲ್ಲೇ ಮಾತಾಡಿಕೊಳ್ಳಲು ಬಿಡಿ, ಆಮೇಲೆ ಜೋಡಿಯ ಮಾತು ಕೇಳಿ. "ನಾವಿಬ್ಬರೂ ಹೀಗೆ ಅಂದುಕೊಂಡೆವು" ಅನ್ನುವುದು ಸುಲಭ, ಒಬ್ಬಳೇ ನಿಂತು ಹೇಳುವುದು ಕಷ್ಟ. ಮತ್ತೆ ಪ್ರತಿ ಸಭೆ ಶುರುವಾದ ಕೂಡಲೇ ಹಿಂದಿನ ಸಲ ಯಾರು ಏನು ಹೇಳಿದ್ದರು, ಅದು ಏನಾಯಿತು ಅಂತ ನಡಾವಳಿ ಪುಸ್ತಕದಿಂದ ಜೋರಾಗಿ ಓದಿಸಿ. ಆಗದೆ ಇದ್ದದ್ದನ್ನೂ ಓದಿಸಿ, ಯಾಕೆ ಆಗಲಿಲ್ಲ ಅಂತ ಹೇಳಿ. ತನ್ನ ಮಾತು ಪುಸ್ತಕದಲ್ಲಿ ಇದೆ ಅಂತ ಕೇಳಿದ ಹೆಂಗಸು ಮುಂದಿನ ಸಲ ನೆಟ್ಟಗೆ ಕೂರುತ್ತಾಳೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಲ್ಪತರು_ನಾಡಿನವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಸಾಲಿನಲ್ಲಿ ನಿಂತು ಹಾಲು ಹಾಕುವುದನ್ನು ಶುರು ಮಾಡಿದ್ದೇನೆ. ಪರೀಕ್ಷಕಿಯ ಅಧಿಕಾರದ ವಿಷಯ ಮುಂದಿನ ಸಭೆಯ ಅಜೆಂಡಾಕ್ಕೆ ಹಾಕಿದ್ದೇನೆ.

ಈಗ ಒಂದು ಕಷ್ಟ ಬಂದಿದೆ. ಒಬ್ಬರು ಸದಸ್ಯೆ ನನ್ನನ್ನು ಪಕ್ಕಕ್ಕೆ ಕರೆದು, ಕೆಲವರ ಹಾಲಿಗೆ ಬೇಕಂತಲೇ ಫ್ಯಾಟ್ ಕಮ್ಮಿ ಬರೆಯುತ್ತಾರೆ, ನನ್ನ ಹೆಸರು ಹೇಳಬೇಡ ಅಂದರು. ಯಾರು ಬರೆಯುತ್ತಾರೆ ಅಂತಲೂ ಹೇಳಿದರು. ನಂಬಲೂ ಭಯ, ಬಿಡಲೂ ಭಯ. ಕೇಳಿಸಿಕೊಂಡದ್ದನ್ನು ಏನು ಮಾಡಬೇಕು?

ಹಳೇ_ಕಾರ್ಯದರ್ಶಿ:

ತಂಗಿ, ಅವರು ನಿಮ್ಮ ಹತ್ತಿರ ಬಂದು ಹೇಳಿದ್ದು ದೊಡ್ಡ ವಿಷಯ, ಅದನ್ನು ಕಾಪಾಡಿ. ಹೆಸರು ಯಾರಿಗೂ ಹೇಳಬೇಡಿ, ಮನೆಯಲ್ಲೂ. ಆ ಇನ್ನೊಬ್ಬರ ಹೆಸರನ್ನೂ ಹಾಗೇ ಕಾಪಾಡಿ, ಯಾಕಂದರೆ ಅವರು ತಪ್ಪು ಮಾಡಿದ್ದಾರೋ ಇಲ್ಲವೋ ಇನ್ನೂ ಗೊತ್ತಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದು ಇಂಥದ್ದಕ್ಕೇ.

ಲೆಕ್ಕ ನಿಮ್ಮ ಹತ್ತಿರವೇ ಇದೆ. ನೀವು ಕಳಿಸಿದ ಹಾಲನ್ನು ಒಕ್ಕೂಟದವರೂ ಪರೀಕ್ಷೆ ಮಾಡಿ ಟ್ರಕ್ ಶೀಟ್‌ನಲ್ಲಿ ಫ್ಯಾಟ್ ಬರೆಯುತ್ತಾರೆ. ಅದೇ ಹೊತ್ತು ನಿಮ್ಮ ರಿಜಿಸ್ಟರಿನಲ್ಲಿ ಎಲ್ಲ ಸದಸ್ಯೆಯರ ಹಾಲಿನ ಸರಾಸರಿ ಫ್ಯಾಟ್ ಎಷ್ಟಿತ್ತು ನೋಡಿ. ಸರಾಸರಿ ತೆಗೆಯುವಾಗ ಲೀಟರನ್ನೂ ಗುಣಿಸಬೇಕು. ಎರಡು ಲೀಟರ್ ಹಾಕಿದವರೂ ಇಪ್ಪತ್ತು ಲೀಟರ್ ಹಾಕಿದವರೂ ಒಂದೇ ಅಲ್ಲ. ಒಂದು ತಿಂಗಳದ್ದು ಪಕ್ಕಪಕ್ಕ ಬರೆಯಿರಿ. ಅಲ್ಪ ಸ್ವಲ್ಪ ಆಚೀಚೆ ಇದ್ದೇ ಇರುತ್ತದೆ. ಆದರೆ ದಿನಾ ಒಕ್ಕೂಟದ್ದು ಜಾಸ್ತಿ, ನಿಮ್ಮದು ಕಮ್ಮಿ ಅಂತ ಬಂದರೆ ಏನೋ ಇದೆ. ಅದು ಮಿಷನ್ ದೋಷವೂ ಇರಬಹುದು, ಕೈಚಳಕವೂ ಇರಬಹುದು. ಆಗ ಒಕ್ಕೂಟದ ವಿಸ್ತರಣಾಧಿಕಾರಿಗೆ ಹೇಳಿ ಮಿಷನ್ ಪರೀಕ್ಷೆ ಮಾಡಿಸಿ, ಯಾವ ದಿನ ಅಂತ ಮೊದಲೇ ಯಾರಿಗೂ ತಿಳಿಸದೆ ಒಂದಷ್ಟು ಜನರ ಸ್ಯಾಂಪಲ್ ಬೇರೆ ಕಡೆಯೂ ನೋಡಿಸಿ. ಆ ಸ್ಯಾಂಪಲ್‌ಗಳಲ್ಲಿ ನಿಮ್ಮದೂ ಇರಲಿ, ಕಾರ್ಯದರ್ಶಿ ಮನೆಯದೂ ಇರಲಿ, ದೂರು ಕೊಟ್ಟವರದೂ ಇರಲಿ. ಹಾಗಾದರೆ ಯಾರು ದೂರು ಕೊಟ್ಟರು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ಕೆಲಸ ಇವತ್ತೇ ಮಾಡಬಹುದು. ಮಿಷನ್ನಿನ ಪರದೆ ಹಾಲು ಹಾಕುವವರ ಕಡೆ ತಿರುಗಿಸಿಡಿ, ಚೀಟಿ ಎಲ್ಲರ ಕೈಗೂ ಆಗಲೇ ಸಿಗಲಿ. ಓದಲು ಬಾರದವರಿಗೆ ಪರೀಕ್ಷಕಿ ಸಂಖ್ಯೆಯನ್ನು ಜೋರಾಗಿ ಹೇಳಲಿ.

ತಿಂಗಳ ಲೆಕ್ಕ ಸಿಕ್ಕ ಮೇಲೆ ಆ ಸದಸ್ಯೆಗೆ ನೀವೇ ಹೋಗಿ ಹೇಳಿ, ಏನು ನೋಡಿದಿರಿ, ಏನು ಸಿಕ್ಕಿತು ಅಂತ. ಅನುಮಾನ ಸುಳ್ಳಾಗಿದ್ದರೂ ಹೇಳಿ, ಟ್ರಕ್ ಶೀಟ್ ಮತ್ತು ರಿಜಿಸ್ಟರ್ ಎರಡನ್ನೂ ತೋರಿಸಿ. ಲೆಕ್ಕ ಹಾಕುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲಿ ಬರೆಯಿರಿ, ನಾನು ನೋಡುತ್ತೇನೆ.